ಅರಮನೆಯ ಮದುವೆಗಳೂ ಅರ್ಧದ ಲೆಕ್ಕವೂ

ಚನ್ನಗಿರಿ ಎಂಬ ಹೆಸರಿನಲ್ಲಿ ಒಂದು ವಿವಾಹದ ಇತಿಹಾಸ ಅಡಗಿದೆ. ಈ ಊರಿಗೆ ಹೆಸರು ಬಂದುದು ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ ಎಂಬುದನ್ನು ಇಲ್ಲಿಯ ಜನರೆಲ್ಲ ಬಲ್ಲರು. ಆದರೆ ಆಕೆ ಅರಸುಮನೆತನದಲ್ಲಿ ಹುಟ್ಟಿದವಳಲ್ಲವೆಂಬ ಸಂಗತಿಯನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಆಕೆಯ ತಂದೆ ಕೋಟಿಪುರದ ವರ್ತಕನಾದ ಸಿದ್ದಪ್ಪಶೆಟ್ಟಿ. ಜಾತ್ರೆಗೆ ಬಂದಿದ್ದ ಕನ್ಯೆಯನ್ನು ಕಂಡು ಸೋಮಶೇಖರ ನಾಯಕನು ಮೆಚ್ಚಿ ವರಿಸಿದನೆಂದು ಹೇಳುತ್ತಾರೆ. ವರ್ತಕನಾದವನು ಮಗಳೊಡನೆ ಕೋಟೆಯನ್ನಾಗಲಿ ಸೀಮೆಯನ್ನಾಗಲಿ ನೆರವಿನ ಸೈನ್ಯವನ್ನಾಗಲಿ ಕಳುಹಿಸುವಂತಿರಲಿಲ್ಲ. 1672ರಲ್ಲಿ ಗಂಡನು ಕೊಲೆಯಾದಾಗ ಸಿಂಹಾಸನವನ್ನೇರಿದ ಈ ವರ್ತಕನ ಮಗಳು ಇಪ್ಪತ್ತೈದು ವರ್ಷಗಳ ಕಾಲ ರಾಜ್ಯವನ್ನಾಳಿದಳು. ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಗೆ ಹೊರಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯವಿತ್ತು, ಔರಂಗಜೇಬನ ಸೈನ್ಯವನ್ನು ಎದುರಿಸಿ ನಿಂತಳು.

ಇಂಥ ವಿವಾಹವು ಅರಸರಲ್ಲಿ ಅಪವಾದವೇ ಸರಿ. ರಾಜಮನೆತನಗಳಲ್ಲಿ ವಿವಾಹವೆಂಬುದು ಬಹುಮಟ್ಟಿಗೆ ಆಸ್ತಿಯ ವ್ಯವಹಾರವಾಗಿತ್ತು. ನಮ್ಮ ಭಾಷೆಯಲ್ಲಿಯೇ ಇದಕ್ಕೊಂದು ಹಳೆಯ ಮಾತುಂಟು: ಬಳುವಳಿ. ಹತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಮೂರನೆಯ ಅಮೋಘವರ್ಷನ ಮಗಳು ರೇವಕನಿಮ್ಮಡಿಯನ್ನು ಗಂಗರ ಇಮ್ಮಡಿ ಬೂತುಗನಿಗೆ ಕೊಟ್ಟು ವಿವಾಹ ಮಾಡಿದಾಗ, ಪುಲಿಗೆರೆ 300, ಬೆಳ್ವೊಲ 300, ಕಿಸುಕಾಡು 70, ಬಾಗೆನಾಡು 70 ಎಂಬ ನಾಡುಗಳು ಬಳುವಳಿಯಾಗಿ ಬಂದುವೆಂದು ಶಾಸನವು ತಿಳಿಸುತ್ತದೆ. ಇಂದಿನ ಲಕ್ಷ್ಮೇಶ್ವರ, ಗದಗ, ಬಾಗಲಕೋಟೆಗಳ ಸುತ್ತಣ ನೆಲವೆಲ್ಲ ಒಬ್ಬ ವಧುವಿನೊಡನೆ ಒಂದು ಮನೆತನದಿಂದ ಇನ್ನೊಂದಕ್ಕೆ ದಾಟಿತು. ವಿಜಯನಗರದ ಮೊದಲನೆಯ ದೇವರಾಯನು ಬಹಮನಿ ಸುಲ್ತಾನ ಫಿರೋಜ್ ಷಹನಿಗೆ ಮಗಳನ್ನು ಕೊಟ್ಟು, ಜೊತೆಗೆ ಬಂಕಾಪುರವನ್ನೂ ಒಪ್ಪಿಸಿದನೆಂದು ಇತಿಹಾಸಕಾರ ಫೆರಿಷ್ತನು ಬರೆದಿದ್ದಾನೆ. ಈ ಸಂಬಂಧದಿಂದ ಶಾಂತಿ ನೆಲಸಿತೆ? ಹದಿನೈದು ವರ್ಷ ತುಂಬುವಷ್ಟರಲ್ಲಿ ಮಾವನೂ ಅಳಿಯನೂ ಪಾನಗಲ್ಲಿನಲ್ಲಿ ಮತ್ತೆ ಕಾದಾಡಿದರು.

ಯೂರೋಪಿನ ಅರಸರು ಇದೇ ವ್ಯವಹಾರವನ್ನು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದರು. ಅದರ ಒಂದು ಫಲ ನಮ್ಮ ನೆರೆಯಲ್ಲಿಯೇ ಇದೆ. ಪೋರ್ಚುಗಲ್ಲಿನ ಅರಸುಮಗಳು ಕ್ಯಾಥರೀನಳನ್ನು ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಗೆ ಕೊಡುವುದೆಂದು 1661ರಲ್ಲಿ ಒಪ್ಪಂದವಾದಾಗ, ಬಳುವಳಿಯ ಪಟ್ಟಿಯಲ್ಲಿ ಮುಂಬಯಿ ದ್ವೀಪವೂ ಸೇರಿತ್ತು. ದೊರೆಗೆ ಅದರ ಬೆಲೆ ತಿಳಿಯಲಿಲ್ಲ. 1668ರಲ್ಲಿ ವರ್ಷಕ್ಕೆ ಹತ್ತು ಪೌಂಡು ಬಾಡಿಗೆಯ ಮೇಲೆ ಅದನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟನು. ಮುಂಬಯಿಯಲ್ಲಿ ನೆಲಸಿದ್ದ ಜನರನ್ನು ಈ ಮದುವೆಯ ವಿಷಯವಾಗಿ ಯಾರೂ ಒಂದು ಮಾತು ಕೇಳಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಸಂಪತ್ತಿನಷ್ಟೇ, ಒಮ್ಮೊಮ್ಮೆ ಅದಕ್ಕಿಂತಲೂ ಹೆಚ್ಚಾಗಿ, ಅಂತಸ್ತು ಎಣಿಕೆಗೆ ಬರುತ್ತಿತ್ತು. ಆಸ್ಟ್ರಿಯದ ಹ್ಯಾಪ್ಸ್‌ಬರ್ಗ್ ಮನೆತನದಲ್ಲಿ ವಧುವು ವರನಿಗೆ ಸಮಾನವಾದ ರಾಜಕುಲದವಳಾಗಿರಬೇಕೆಂಬ ಕಟ್ಟುನಿಟ್ಟಾದ ನಿಯಮವಿತ್ತು. ಯುವರಾಜನಾಗಿದ್ದ ಫ್ರಾನ್ಸ್ ಫರ್ಡಿನೆಂಡನು 1900ರಲ್ಲಿ ಸೋಫಿ ಎಂಬವಳನ್ನು ಮದುವೆಯಾದನು. ಆಕೆಯೂ ಶ್ರೀಮಂತ ಜಮೀನುದಾರರ ಮನೆಯ ಹೆಣ್ಣೇ, ಆದರೆ ರಾಜಕುಲದವಳಲ್ಲ. ಆದುದರಿಂದ ಆಕೆಗೆ ಮಹಾರಾಣಿಯ ಪದವಿಯಿಲ್ಲ, ಆಕೆಯ ಮಕ್ಕಳಿಗೆ ಸಿಂಹಾಸನದ ಹಕ್ಕಿಲ್ಲ ಎಂದು ಅವನು ಮದುವೆಗೆ ಮೊದಲೇ ಪ್ರಮಾಣ ಮಾಡಿ ಕೊಡಬೇಕಾಯಿತು. ಇನ್ನೂರು ವರ್ಷಗಳ ಹಿಂದೆಯೇ ಕೆಳದಿಯವರು ಶೆಟ್ಟಿಯ ಮಗಳನ್ನು ಪಟ್ಟಕ್ಕೇರಿಸಿದ್ದರೆಂಬುದನ್ನು ನೆನೆದರೆ, ನಾಗರಿಕತೆಯ ಅಳತೆಗೋಲು ಯಾವುದೆಂಬ ಸಂದೇಹ ಉಂಟಾಗುತ್ತದೆ.

ಇಲ್ಲಿಯವರೆಗೆ ಹೇಳಿದುದು ಇತಿಹಾಸ. ಇದರಲ್ಲಿ ವಿಜ್ಞಾನಕ್ಕೆ ಸಂಬಂಧಿಸಿದುದೇನು ಎಂದು ವಾಚಕರು ಕೇಳಬಹುದು. ಉತ್ತರ ಸರಳವಾದ ಗಣಿತದಲ್ಲಿದೆ. ಪ್ರತಿಯೊಬ್ಬನಿಗೂ ತಂದೆತಾಯಿಗಳು ಇಬ್ಬರು. ಅಜ್ಜ ಅಜ್ಜಿಯರು ನಾಲ್ವರು. ಅವರ ಹಿಂದಿನವರು ಎಂಟು ಮಂದಿ. ಹೀಗೆ ಹತ್ತು ತಲೆಮಾರು ಹಿಂದೆ ಹೋದರೆ 1024 ಪೂರ್ವಜರಿಗೆ ಸ್ಥಾನವುಂಟು. ಇಪ್ಪತ್ತು ತಲೆಮಾರು ಹೋದರೆ ಹತ್ತು ಲಕ್ಷಕ್ಕೂ ಮೀರಿ. ‘ನಮ್ಮ ಸಮಕ್ಕೆ ಇರುವವರು ಇಪ್ಪತ್ತು ಮನೆತನದವರು ಮಾತ್ರ’ ಎಂದು ಬೇಲಿ ಹಾಕಿಕೊಂಡವರು ಇಷ್ಟೊಂದು ಸ್ಥಾನಗಳನ್ನು ಯಾರಿಂದ ತುಂಬಬೇಕು? ಒಬ್ಬನೇ ಮನುಷ್ಯನನ್ನು ಹಲವು ಸ್ಥಾನಗಳಲ್ಲಿ ಕೂಡಿಸದೆ ಗತ್ಯಂತರವಿಲ್ಲ. ಅಂತಸ್ತಿನ ಬೇಲಿ ಎಷ್ಟು ಬಿಗಿಯಾದರೆ, ವಂಶವೃಕ್ಷದ ಕೊಂಬೆಗಳು ಅಷ್ಟು ಬೇಗ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ.

ಹೆಣೆದುಕೊಂಡರೆ ಏನಾಗುತ್ತದೆ? ನಮ್ಮ ಶರೀರದ ಪ್ರತಿಯೊಂದು ವಂಶವಾಹಿಗೂ ಸಾಧಾರಣವಾಗಿ ಎರಡು ಪ್ರತಿಗಳಿರುತ್ತವೆ. ತಾಯಿಯಿಂದ ಒಂದು, ತಂದೆಯಿಂದ ಒಂದು. ಯಾವುದಾದರೊಂದು ಪ್ರತಿಯಲ್ಲಿ ದೋಷವಿದ್ದರೆ ಅನೇಕ ವೇಳೆ ಮತ್ತೊಂದು ಪ್ರತಿಯು ಕೆಲಸವನ್ನು ತೂಗಿಸಿಕೊಂಡು ಹೋಗುತ್ತದೆ; ಮನುಷ್ಯನು ಆರೋಗ್ಯವಾಗಿಯೇ ಇರುತ್ತಾನೆ. ಇಂಥ ಮರೆಯಾದ ದೋಷಗಳು ಕೆಲವಾದರೂ ಇಲ್ಲದ ಮನುಷ್ಯನಿಲ್ಲ. ಎರಡೂ ಪ್ರತಿಗಳು ದೋಷಯುಕ್ತವಾಗಿ ಬಂದಾಗ ಮಾತ್ರ ರೋಗವು ಹೊರಬೀಳುತ್ತದೆ. ಗಂಡಹೆಂಡಿರು ರಕ್ತಸಂಬಂಧಿಗಳಾಗಿದ್ದರೆ, ಒಬ್ಬನೇ ಪೂರ್ವಜನ ಒಂದೇ ದೋಷವು ಎರಡು ದಾರಿಗಳಿಂದ ಇಳಿದುಬಂದು ಮಗುವಿನಲ್ಲಿ ಸಂಧಿಸುವ ಸಂಭವ ಹೆಚ್ಚುತ್ತದೆ.

ಈ ಸಂಭವವನ್ನು ಯಾರು ಬೇಕಾದರೂ ಲೆಕ್ಕ ಮಾಡಬಹುದು. ಗಂಡನಿಂದ ಹೊರಟು ಇಬ್ಬರಿಗೂ ಸಮಾನನಾದ ಪೂರ್ವಜನವರೆಗೆ ಏರಿ, ಅಲ್ಲಿಂದ ಹೆಂಡತಿಯವರೆಗೆ ಇಳಿಯಬೇಕು. ದಾರಿಯಲ್ಲಿ ಸಿಕ್ಕವರನ್ನೆಲ್ಲ, ಆ ಗಂಡಹೆಂಡಿರನ್ನೂ ಸೇರಿಸಿ, ಎಣಿಸಬೇಕು. ಎಷ್ಟು ಜನರೋ ಅಷ್ಟು ಸಲ ಒಂದನ್ನು ಅರ್ಧ ಮಾಡಬೇಕು. ಅಕ್ಕನ ಮಗಳನ್ನು ಮದುವೆಯಾದವನ ಉದಾಹರಣೆಯನ್ನು ತೆಗೆದುಕೊಳ್ಳೋಣ. ಸೋದರಮಾವ, ಅವನ ತಾಯಿ, ಅವನ ಅಕ್ಕ, ಅಕ್ಕನ ಮಗಳು: ನಾಲ್ಕು ಜನ. ನಾಲ್ಕು ಸಲ ಅರ್ಧ ಮಾಡಿದರೆ ಹದಿನಾರನೆಯ ಒಂದು ಭಾಗ. ತಾಯಿಯ ಬದಲು ತಂದೆಯ ಮೂಲಕ ಹೋದರೂ ಅಷ್ಟೇ. ಎರಡನ್ನೂ ಕೂಡಿಸಿದರೆ ಎಂಟನೆಯ ಒಂದು ಭಾಗ, ಎಂದರೆ 0.125. ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳೊಡನೆ ಮದುವೆಯಾದರೆ ದಾರಿಯಲ್ಲಿ ಒಬ್ಬರು ಹೆಚ್ಚು; ಫಲ 0.0625. ಅಣ್ಣತಂಗಿಯರಿಗೆ, ಅಂಥ ಸಂಬಂಧವು ನಿಷಿದ್ಧವಾದರೂ, ಲೆಕ್ಕಕ್ಕೆ ಬರುವ ಸಂಖ್ಯೆ 0.25.

ಈ ಅಳತೆಗೋಲನ್ನು ಹಿಡಿದು ಸ್ಪೇನಿನ ಹ್ಯಾಪ್ಸ್‌ಬರ್ಗ್ ಅರಸರ ಕಡೆಗೆ ನೋಡೋಣ. ಮದುವೆಗಳ ಮೂಲಕ ಅರ್ಧ ಯೂರೋಪನ್ನು ಗಳಿಸಿದ ಮನೆತನವದು. ಗಳಿಸಿದುದು ಹೊರಗಿನವರ ಪಾಲಾಗಬಾರದೆಂದು ಮುಂದೆ ಅವರು ತಮ್ಮತಮ್ಮೊಳಗೇ ಹೆಣ್ಣು ತಂದುಕೊಳ್ಳಲು ತೊಡಗಿದರು. 1570ರಲ್ಲಿ ಎರಡನೆಯ ಫಿಲಿಪ್ ದೊರೆಯು ತನ್ನ ತಂಗಿಯ ಮಗಳನ್ನೇ ವರಿಸಿದನು. ಅವನ ಮೊಮ್ಮಗ ನಾಲ್ಕನೆಯ ಫಿಲಿಪನು ತನ್ನ ಮಗನಿಗೆಂದು ತನ್ನ ತಂಗಿಯ ಮಗಳು ಮರಿಯಾನಳನ್ನು ಗೊತ್ತುಮಾಡಿದ್ದನು. 1646ರಲ್ಲಿ ಆ ಮಗನು ತೀರಿಕೊಂಡನು. ಗೊತ್ತಾದ ಸಂಬಂಧ ವ್ಯರ್ಥವಾಗಬಾರದೆಂದು 1649ರಲ್ಲಿ ತಂದೆಯೇ ಆ ಹುಡುಗಿಯನ್ನು ಮದುವೆಯಾದನು! ಈ ದಂಪತಿಗಳ ಮಗನೇ 1661ರಲ್ಲಿ ಹುಟ್ಟಿದ ಸ್ಪೇನಿನ ಎರಡನೆಯ ಚಾರ್ಲ್ಸ್. ಮೂರನೆಯ ಫಿಲಿಪನ ರಾಣಿ ಮಾರ್ಗರೆಟಳು ಇವನಿಗೆ ತಂದೆಯ ಕಡೆಯಿಂದ ಅಜ್ಜಿ, ತಾಯಿಯ ಕಡೆಯಿಂದ ಮುತ್ತಜ್ಜಿ.

ಸ್ಪೇನಿನ ವಿಜ್ಞಾನಿಗಳು ಹದಿನಾರು ತಲೆಮಾರುಗಳ ಮೂರು ಸಾವಿರಕ್ಕೂ ಹೆಚ್ಚು ಜನರ ವಂಶಾವಳಿಯನ್ನು ಪರಿಶೀಲಿಸಿ 2009ರಲ್ಲಿ ಇದರ ಲೆಕ್ಕವನ್ನು ಪ್ರಕಟಿಸಿದರು. ಈ ವಂಶವನ್ನು ಸ್ಥಾಪಿಸಿದ ಮೊದಲನೆಯ ಫಿಲಿಪನಲ್ಲಿ 0.025 ಇದ್ದ ಸಂಖ್ಯೆಯು ಎರಡನೆಯ ಚಾರ್ಲ್ಸನಲ್ಲಿ 0.254ಕ್ಕೆ ಏರಿತ್ತು. ಅವನ ತಂದೆತಾಯಿಗಳು ಸೋದರಮಾವ ಸೊಸೆಯರು ಮಾತ್ರವೇ ಆಗಿದ್ದರೆ ಅದು 0.125 ಆಗಬೇಕಿತ್ತು. ಉಳಿದುದು ಹಿಂದಿನ ಮದುವೆಗಳಿಂದ ಕೂಡುತ್ತ ಬಂದ ಬಾಕಿ. ಅಣ್ಣತಂಗಿಯರಿಗೆ ಹುಟ್ಟಿದ ಮಗುವಿಗಿಂತ ಒಂದಿಷ್ಟು ಹೆಚ್ಚೇ! ಈ ಮನೆತನದ ಹನ್ನೊಂದು ವಿವಾಹಗಳಲ್ಲಿ ಒಂಬತ್ತು ರಕ್ತಸಂಬಂಧಿಗಳ ನಡುವೆ ನಡೆದಿದ್ದುವು. 1527ರಿಂದ 1661ರವರೆಗೆ ಹುಟ್ಟಿದ 34 ಮಕ್ಕಳಲ್ಲಿ 10 ಮಕ್ಕಳು ವರ್ಷ ತುಂಬುವ ಮೊದಲೇ, ಒಟ್ಟು 17 ಮಕ್ಕಳು ಹತ್ತು ವರ್ಷ ತುಂಬುವ ಮೊದಲೇ ತೀರಿಕೊಂಡರು. ಆ ಕಾಲದ ಸ್ಪೇನಿನ ಹಳ್ಳಿಗಳಲ್ಲಿ ಐದು ಶಿಶುಗಳಲ್ಲಿ ಸುಮಾರು ಒಂದು ವರ್ಷದೊಳಗೆ ಸಾಯುತ್ತಿತ್ತು. ದೇಶದಲ್ಲೇ ಉತ್ತಮ ಆಹಾರ, ವೈದ್ಯ, ದಾದಿಯರಿದ್ದ ಅರಮನೆಯಲ್ಲಿ ಮೂರರಲ್ಲಿ ಸುಮಾರು ಒಂದು. ಬಾಲ್ಯದಿಂದಲೂ ರೋಗಪೀಡಿತನಾಗಿದ್ದ ಚಾರ್ಲ್ಸನು ಎರಡು ಸಲ ಮದುವೆಯಾದರೂ ಸಂತಾನವಿಲ್ಲದೆ 1700ರಲ್ಲಿ, ನಲವತ್ತು ತುಂಬುವ ಮೊದಲೇ, ಮಡಿದನು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಅರಮನೆಯ ರೋಗಗಳೆಲ್ಲವೂ ರಕ್ತಸಂಬಂಧದ ಮದುವೆಯ ಫಲವಲ್ಲ. ಗಾಯವಾದರೆ ರಕ್ತ ಹೆಪ್ಪುಗಟ್ಟದ ಹೀಮೊಫೀಲಿಯ ಎಂಬ ರೋಗವು ಇಂಗ್ಲೆಂಡಿನ ವಿಕ್ಟೋರಿಯ ರಾಣಿಯ ಹೆಣ್ಣುಮಕ್ಕಳು ಮೊಮ್ಮಕ್ಕಳ ಮೂಲಕ ರಷ್ಯ, ಸ್ಪೇನ್ ಮೊದಲಾದ ಅರಮನೆಗಳನ್ನು ಹೊಕ್ಕಿತು. ರಷ್ಯದ ಯುವರಾಜ ಅಲೆಕ್ಸಿಗೆ ಇದ್ದುದು ಈ ರೋಗದ ಯಾವ ಬಗೆಯೆಂಬುದನ್ನೂ 2009ರಲ್ಲಿ ಮೂಳೆಗಳ ಪರೀಕ್ಷೆಯಿಂದ ಕಂಡುಹಿಡಿದರು. ಇದರ ದೋಷವಿರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡುಮಗುವಿಗೆ ಆ ವರ್ಣತಂತುವಿನ ಒಂದೇ ಪ್ರತಿ ಇರುವುದರಿಂದ ತಾಯಿಯೊಬ್ಬಳಿಂದ ಬಂದ ದೋಷವೇ ಸಾಕಾಗುತ್ತದೆ. ತಂದೆ ಹೊರಗಿನವನಾದರೂ ತಪ್ಪದು. ಆದರೂ ಎರಡು ಕಥೆಗಳಿಗೂ ಹೋಲಿಕೆಯೊಂದುಂಟು. ಎರಡರಲ್ಲಿಯೂ ಮದುವೆ ಮಾಡಿದವರು ಸೀಮೆಯನ್ನೂ ಕಿರೀಟವನ್ನೂ ತೂಗಿದರು. ಆರೋಗ್ಯವನ್ನೂ ಮನಸ್ಸನ್ನೂ ತಕ್ಕಡಿಗೆ ಹಾಕಲಿಲ್ಲ.

ಈಗ ಚೆನ್ನಮ್ಮಾಜಿಯ ಕಡೆಗೆ ಮರಳೋಣ. ಸ್ಪೇನಿನ ಚಾರ್ಲ್ಸನೂ ಆಕೆಯೂ ಸಮಕಾಲೀನರು. ಅವನು ಆಳಿದುದು 1665ರಿಂದ 1700ರವರೆಗೆ. ಆಕೆ 1672ರಿಂದ 1697ರವರೆಗೆ. ಆಕೆಗೂ ಸ್ವಂತ ಮಕ್ಕಳಿರಲಿಲ್ಲ. ಹೊರಗಿನಿಂದ ಹೆಣ್ಣು ತಂದ ಮಾತ್ರಕ್ಕೆ ಮನೆ ತುಂಬ ಮಕ್ಕಳಾಗುತ್ತವೆಂಬ ನಂಬಿಕೆಗೆ ಆಧಾರವಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆದರೆ ಎರಡು ರಾಜ್ಯಗಳೂ ಆ ಕೊರತೆಯನ್ನು ಎದುರಿಸಿದ ಬಗೆ ಬೇರೆಬೇರೆ. ಸ್ಪೇನಿನಲ್ಲಿ ರಕ್ತದ ಹಕ್ಕೊಂದೇ ಹಕ್ಕು. ಆ ಹಕ್ಕನ್ನು ಹಿಡಿದು ಯೂರೋಪಿನ ನೆಂಟರೆಲ್ಲರೂ ಕತ್ತಿ ಹಿರಿದರು. 1701ರಿಂದ 1714ರವರೆಗೆ ಯುದ್ಧ ನಡೆದು ಲಕ್ಷಾಂತರ ಜನ ಸತ್ತರು. ಚೆನ್ನಮ್ಮಾಜಿಯು ಬಸವಪ್ಪನೆಂಬ ಹುಡುಗನನ್ನು ದತ್ತಕ್ಕೆ ತೆಗೆದುಕೊಂಡು, ವಿದ್ಯೆ ಕಲಿಸಿ, ರಾಜ್ಯವನ್ನು ಒಪ್ಪಿಸಿದಳು. ಅವನೇ ‘ಶಿವತತ್ತ್ವರತ್ನಾಕರ’ವೆಂಬ ವಿಶ್ವಕೋಶವನ್ನು ರಚಿಸಿದ ಕೆಳದಿಯ ಬಸವರಾಜ. ರಕ್ತಕ್ಕಿಂತ ಶಿಕ್ಷಣ ಹೆಚ್ಚೆಂದು ಆಕೆ ಯಾವ ಗ್ರಂಥದಲ್ಲಿಯೂ ಬರೆಯಲಿಲ್ಲ, ನಡೆದು ತೋರಿಸಿದಳು.

ಅರಸರ ಕಾಲ ಮುಗಿಯಿತು. ಆದರೆ ಅರಮನೆಯ ಲೆಕ್ಕಾಚಾರವು ಅರಮನೆಯೊಡನೆ ಅಳಿಯಲಿಲ್ಲ. ನಮ್ಮ ನಿಮ್ಮ ಮನೆಗಳ ಪಡಸಾಲೆಗೆ ಬಂದು ಕುಳಿತಿದೆ. ‘ತೋಟ ಎಷ್ಟು ಎಕರೆ? ನಾಲೆಯ ನೀರು ಬರುತ್ತದೆಯೆ? ಹುಡುಗನಿಗೆ ಎಷ್ಟು ಜನ ಅಣ್ಣತಮ್ಮಂದಿರು?’ ಎಂಬ ಪ್ರಶ್ನೆಗಳು ನಮ್ಮ ಅಡಿಕೆಯ ಸೀಮೆಯಲ್ಲಿ ಹುಡುಗನ ಸ್ವಭಾವದ ಪ್ರಶ್ನೆಗಿಂತ ಮೊದಲು ಬರುತ್ತವೆ. ವರದಕ್ಷಿಣೆಯನ್ನು ನಿಷೇಧಿಸುವ ಕಾನೂನು 1961ರಲ್ಲಿಯೇ ಬಂದಿದ್ದರೂ ಬಳುವಳಿಯು ಹೊಸ ಹೊಸ ಹೆಸರುಗಳಲ್ಲಿ ನಡೆದೇ ಇದೆ. ಕರ್ನಾಟಕದಲ್ಲಿ 1994ರಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ದೊರೆಯಿತು. 2005ರಲ್ಲಿ ದೇಶಕ್ಕೆಲ್ಲ ಈ ನ್ಯಾಯ ವಿಸ್ತರಿಸಿತು. ಇದು ಬಹು ಯೋಗ್ಯವಾದ ಕಾನೂನು. ಆದರೆ ‘ಪಾಲು ಹೊರಗೆ ಹೋಗಬಾರದು, ಸೋದರಿಕೆಯಲ್ಲೇ ಕೊಟ್ಟುಬಿಡೋಣ’ ಎಂಬ ಮಾತನ್ನು ಇಂದೂ ಕೇಳುತ್ತೇವೆ. ಸ್ಪೇನಿನ ಅರಸನು ಆಡಿದ ಮಾತೂ ಇದೇ. ಅವನದು ಸಾಮ್ರಾಜ್ಯ, ನಮ್ಮದು ನಾಲ್ಕು ಎಕರೆ ತೋಟ, ಅಷ್ಟೇ ಅಂತರ.

2019–21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮದುವೆಗಳಲ್ಲಿ ಸುಮಾರು ಕಾಲು ಭಾಗ ರಕ್ತಸಂಬಂಧಿಗಳ ನಡುವೆ ನಡೆದವು. ಗೋತ್ರ ನೋಡಿ, ಬೆಡಗು ನೋಡಿ ಮದುವೆ ಮಾಡುವ ನಮ್ಮಲ್ಲಿ ಇದು ಹೇಗೆ ಸಾಧ್ಯ? ಕಾರಣ ಸ್ಪಷ್ಟವಾಗಿದೆ. ಗೋತ್ರವು ತಂದೆಯ ಸಾಲನ್ನು ಮಾತ್ರ ಎಣಿಸುತ್ತದೆ. ಮದುವೆಯಾದೊಡನೆ ಅಕ್ಕನ ಗೋತ್ರ ಬದಲಾಗುತ್ತದೆ. ಅಕ್ಕನ ಮೈಯಲ್ಲಿರುವ ವಂಶವಾಹಿಗಳು ಬದಲಾಗುವುದಿಲ್ಲ. ನೂರು ತಲೆಮಾರು ದೂರದ ಸಗೋತ್ರವನ್ನು ವರ್ಜಿಸಿ, ಒಂದೇ ಮನೆಯಲ್ಲಿ ಆಡಿ ಬೆಳೆದ ಅಕ್ಕನ ಮಗಳನ್ನು ತರುವುದು ಅರ್ಧದ ಲೆಕ್ಕಕ್ಕೆ ಹೊಂದುವುದಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯು ಸೋದರಮಾವ ಸೊಸೆಯರ ಮದುವೆಯನ್ನು ನಿಷಿದ್ಧ ಸಂಬಂಧಗಳಲ್ಲಿ ಸೇರಿಸಿದೆ. ಆದರೆ ರೂಢಿಯಿದ್ದಲ್ಲಿ ವಿನಾಯಿತಿಯನ್ನೂ ಕೊಟ್ಟಿದೆ.

ಸೋದರಿಕೆಯ ಪರವಾಗಿ ಹೇಳುವ ಮಾತುಗಳು ಹುರುಳಿಲ್ಲದವೇನಲ್ಲ. ಗೊತ್ತಿದ್ದ ಮನೆ, ಅಜ್ಜಿಯೇ ಅತ್ತೆ, ಹುಡುಗಿಗೆ ಹಿಂಸೆಯ ಭಯ ಕಡಮೆ, ವರದಕ್ಷಿಣೆಯ ಹೊರೆಯೂ ಕಡಮೆ. ಹೆಣ್ಣು ಹೆತ್ತವರ ಈ ಭಯವನ್ನು ಹಗುರಾಗಿ ಕಾಣಬಾರದು. ಅಪಾಯವನ್ನು ಹೆಚ್ಚಿಸಿ ಹೇಳುವುದೂ ಸರಿಯಲ್ಲ. ಸಂಬಂಧವಿಲ್ಲದ ದಂಪತಿಗಳ ಮಕ್ಕಳಲ್ಲಿ ನೂರಕ್ಕೆ ಸುಮಾರು ಮೂರು ಮಕ್ಕಳಿಗೆ ಹುಟ್ಟಿನಿಂದ ಬಂದ ಯಾವುದಾದರೊಂದು ಗಣನೀಯ ದೋಷವಿರುತ್ತದೆ. ಸೋದರತ್ತೆ ಸೋದರಮಾವಂದಿರ ಮಕ್ಕಳಲ್ಲಿ ಮದುವೆಯಾದರೆ ಅದಕ್ಕೆ ಇನ್ನೆರಡು ಮೂರು ಸೇರಬಹುದು. ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಹಾಗೆ ಮದುವೆಯಾದವರನ್ನು ಹಳಿಯುವುದು ಅನ್ಯಾಯ, ಹೆದರಿಸುವುದು ಕ್ರೌರ್ಯ. ಆದರೆ ಅಕ್ಕನ ಮಗಳ ಸಂಬಂಧದಲ್ಲಿ ನಮ್ಮ ಸಂಖ್ಯೆ ಇಮ್ಮಡಿಯೆಂಬುದನ್ನೂ, ಅದೇ ಮನೆತನದಲ್ಲಿ ತಲೆಮಾರು ತಲೆಮಾರಿಗೆ ಹೀಗೆಯೇ ನಡೆದರೆ ಬಾಕಿ ಕೂಡುತ್ತ ಹೋಗುವುದೆಂಬುದನ್ನೂ ಮರೆಯುವಂತಿಲ್ಲ. ಒಮ್ಮೆ ನಡೆದ ಮದುವೆ ಬೇರೆ, ನಾಲ್ಕು ತಲೆಮಾರಿನ ಪದ್ಧತಿ ಬೇರೆ. ಹೆಣ್ಣಿಗೆ ಪರರ ಮನೆಯಲ್ಲಿ ಭಯವಿದೆಯೆಂದಾದರೆ, ಆ ಭಯವನ್ನು ನೀಗಿಸತಕ್ಕದ್ದು ಕಾನೂನೂ ವಿದ್ಯೆಯೂ ಆಕೆಯ ಸ್ವಂತ ಸಂಪಾದನೆಯೂ. ಅದರ ಭಾರವನ್ನು ಇನ್ನೂ ಹುಟ್ಟದ ಶಿಶುವಿನ ಮೇಲೆ ಹೊರಿಸುವುದು ನ್ಯಾಯವಲ್ಲ.

ಹಾಗಾದರೆ ಮಾಡತಕ್ಕದ್ದೇನು? ಜಾತಕ ತೆಗೆಸುವಾಗಲೇ ಒಂದು ಹಾಳೆಯ ಮೇಲೆ ಎರಡೂ ಕಡೆಯ ಕಳ್ಳುಬಳ್ಳಿಯನ್ನು, ತಾಯಿಯ ಸಾಲನ್ನೂ ಬಿಡದೆ, ನಾಲ್ಕು ತಲೆಮಾರು ಬರೆಯಲಿ. ಒಂದೇ ಹೆಸರು ಎರಡು ಕಡೆ ಬಂದರೆ ಮೇಲೆ ಹೇಳಿದ ಅರ್ಧದ ಲೆಕ್ಕವನ್ನು ಹಾಕಲಿ. ಮನೆತನದಲ್ಲಿ ಮಕ್ಕಳು ಕಾರಣ ತಿಳಿಯದೆ ತೀರಿಕೊಂಡಿದ್ದರೆ, ಹುಟ್ಟು ಕಿವುಡು ಮೊದಲಾದುವು ಮರುಕಳಿಸಿದ್ದರೆ ಮರೆಮಾಚದೆ ವೈದ್ಯರಿಗೆ ತಿಳಿಸಲಿ. ಇಂಥ ಸಲಹೆ ಕೊಡುವ ತಜ್ಞರು ಈಗ ದೊಡ್ಡ ಆಸ್ಪತ್ರೆಗಳಲ್ಲಿದ್ದಾರೆ. ಸೋದರಿಕೆಯಲ್ಲಿ ಈಗಾಗಲೇ ಮದುವೆಯಾದವರು ಹಿಂಜರಿಯದೆ ಗರ್ಭಧಾರಣೆಗೆ ಮುಂಚೆಯೇ ಅವರನ್ನು ಕಾಣಲಿ. ಎಲ್ಲಕ್ಕಿಂತ ಮೊದಲು ಹುಡುಗ ಹುಡುಗಿಯರನ್ನು ಪ್ರತ್ಯೇಕವಾಗಿ ಕೂಡಿಸಿ ‘ನಿನಗೆ ಒಪ್ಪಿಗೆಯೆ?’ ಎಂದು ಕೇಳಲಿ. ‘ಇಲ್ಲ’ ಎಂದರೆ ಆ ಉತ್ತರವನ್ನೂ ಉತ್ತರವೆಂದೇ ಒಪ್ಪಿಕೊಳ್ಳಲಿ. ಮರಿಯಾನಳನ್ನು ಯಾರೂ ಹಾಗೆ ಕೇಳಿರಲಿಲ್ಲ. ತಂಗಿಯ ಮಗಳೆಂಬುದೂ ಸಮಾನ ಕುಲದವಳೆಂಬುದೂ ಅವರಿಗೆ ಸಾಕಾಗಿತ್ತು.

ತೋಟವನ್ನು ಪಾಲು ಮಾಡಿದರೆ ಎಕರೆ ಕಡಮೆಯಾಗುತ್ತದೆ, ನಿಜ. ಆದರೆ ಅದನ್ನು ದುಡಿದು ಮತ್ತೆ ಗಳಿಸಬಹುದು, ಕೂಡಿ ಸಾಗುವಳಿ ಮಾಡಬಹುದು, ಮಾರಿ ಮಕ್ಕಳನ್ನು ಓದಿಸಲೂಬಹುದು. ಮಗುವಿನ ಶರೀರದಲ್ಲಿ ಒಮ್ಮೆ ಸಂಧಿಸಿದ ದೋಷವನ್ನು ಯಾವ ಪಂಚಾಯಿತಿಯೂ ಮರಳಿ ಪಾಲು ಮಾಡಿಕೊಡಲಾರದು. ನಮ್ಮ ಊರು ಒಬ್ಬ ವರ್ತಕನ ಮಗಳ ಹೆಸರನ್ನು ಹೊತ್ತು ಮೂರು ಶತಮಾನಗಳಾದುವು. ಆಕೆಯೊಡನೆ ಎಷ್ಟು ಸೀಮೆ ಬಂದಿತೆಂದು ಯಾರೂ ಬರೆದಿಡಲಿಲ್ಲ. ಆಕೆ ಹೇಗೆ ಆಳಿದಳೆಂಬುದನ್ನು ಬರೆದಿಟ್ಟಿದ್ದಾರೆ. ಮುಂದಿನ ವೈಶಾಖದಲ್ಲಿ ಹೆಣ್ಣು ಗಂಡು ನೋಡಲು ಹೊರಡುವವರು ಇಷ್ಟನ್ನು ನೆನಪಿಟ್ಟುಕೊಂಡು ಹೊರಡಲಿ.